ಡ್ರೈ ಕ್ರೀಕ್ ಕಣಿವೆಯ ಮಿಶ್ರ ತೋಟ, ಅದರ ಕೆಂಪು ವೈನ್

ವೈನ್ ಬಾಟಲಿಯ ಮೇಲೆ ದ್ರಾಕ್ಷಿಯ ಹೆಸರು ಕಾಣದಿದ್ದರೆ ನಮ್ಮವರಿಗೆ ಏನೋ ಅನುಮಾನ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಊಟಕ್ಕೆ ಹೋಗುವಾಗ ಸೊನೋಮಾ ಕಡೆಯ ಯಾವುದಾದರೂ ಸಣ್ಣ ವೈನರಿಯ, ಬರೀ 'ರೆಡ್ ವೈನ್' ಎಂದು ಅಚ್ಚಾದ ಬಾಟಲಿ ಒಯ್ದರೆ, ಮನೆಯವರು ಅದನ್ನು ಹಿಂದೆ ಮುಂದೆ ತಿರುಗಿಸಿ, "ಇದು ಯಾವ ದ್ರಾಕ್ಷಿದು?" ಎಂದು ಕೇಳುತ್ತಾರೆ. ಆರೇಳು ತಳಿ ಸೇರಿದೆ ಎಂದು ಹೇಳಿದರೆ, "ಓ, ಬ್ಲೆಂಡಾ?" ಎನ್ನುವ ಉತ್ತರ. ಆಮೇಲೆ ಆ ಬಾಟಲಿ ಮೆಲ್ಲಗೆ ಹಿಂದಿನ ಸಾಲಿಗೆ ಸರಿಯುತ್ತದೆ, ದ್ರಾಕ್ಷಿಯ ಹೆಸರು ಹೊತ್ತ ನಾಪಾ ಕಣಿವೆಯ ಕ್ಯಾಬರ್ನೆ ಮುಂದೆ ಬರುತ್ತದೆ. ಒಬ್ಬ ಗೆಳತಿಯಂತೂ ಮುಚ್ಚುಮರೆಯಿಲ್ಲದೆ ಕೇಳಿದಳು: "ಬ್ಲೆಂಡ್ ಅಂದ್ರೆ ಮಿಕ್ಕಿದ್ದನ್ನೆಲ್ಲ ಸೇರ್ಸಿ ತುಂಬ್ಸೋದು ಅಲ್ವೇನೇ?" ಅವಳ ಪ್ರಶ್ನೆ ಬಹಳ ದಿನ ತಲೆಯಲ್ಲಿ ಸುತ್ತುತ್ತಲೇ ಇತ್ತು. ಅದಕ್ಕೆ ಆಗ ನಾನು ಕೊಟ್ಟ ಉತ್ತರ ಚಿಕ್ಕದು. ಸರಿಯಾದ ಉತ್ತರಕ್ಕೆ ಇಷ್ಟುದ್ದ ಬೇಕು ಅನ್ನಿಸಿ ಬರೆಯಲು ಕೂತಿದ್ದೇನೆ.

ಅನುಮಾನ ಎಲ್ಲಿಂದ ಬಂತು ಎನ್ನುವುದು ನನಗೆ ಅರ್ಥವಾಗುತ್ತದೆ. ನಾನು ಕೊಡಗಿನವಳು. ಕಾಫಿಪುಡಿ ಅಂಗಡಿಯಲ್ಲಿ ನಿಂತು "ಚಿಕೋರಿ ಎಷ್ಟು ಹಾಕ್ತೀರಿ?" ಎಂದು ಕೇಳದ ಮನೆ ನಮ್ಮಲ್ಲಿಲ್ಲ. ಚಿಕೋರಿ ಹೆಚ್ಚಾದಷ್ಟೂ ಪುಡಿ ಅಗ್ಗ ಎನ್ನುವುದು ಎಲ್ಲರಿಗೂ ಗೊತ್ತು. ಹಾಗಾಗಿ ಬೆರೆಸುವುದು ಎಂದರೆ ಕಡಿಮೆ ಮಾಡುವುದು ಎಂಬ ಲೆಕ್ಕ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ ಅದೇ ಅಂಗಡಿಯಾತ ಅರೇಬಿಕಾ ಪೀಬರಿಗೆ (ಒಂಟಿಕಾಳಿನ ಬೀಜಕ್ಕೆ) ಸ್ವಲ್ಪ ರೋಬಸ್ಟಾ ಸೇರಿಸಿ ಹುರಿದು ಕೊಡುತ್ತಾನಲ್ಲ, ಆ ಬೆರಕೆಯ ಬಗ್ಗೆ ಯಾರಿಗೂ ತಕರಾರಿಲ್ಲ. ಘಮಕ್ಕೆ ಅರೇಬಿಕಾ, ಡಿಕಾಕ್ಷನ್ನಿನ ಗಟ್ಟಿತನಕ್ಕೆ ರೋಬಸ್ಟಾ. ಎರಡರಲ್ಲಿ ಯಾವುದೂ ಮತ್ತೊಂದರ ಕೆಲಸ ಮಾಡಲಾರದು. ಕೆಂಪು ವೈನಿನಲ್ಲೂ ಈ ಎರಡು ಬಗೆಯ ಬೆರಕೆ ಇವೆ. ಅಮೆರಿಕದ ಸೂಪರ್ ಮಾರ್ಕೆಟ್ಟುಗಳಲ್ಲಿ 'ರೆಡ್ ಬ್ಲೆಂಡ್' ಎಂಬ ಹೆಸರಿನಲ್ಲಿ ಸಾಲುಸಾಲಾಗಿ ನಿಂತಿರುವ, ಸಕ್ಕರೆಯಂಶ ಉಳಿಸಿಕೊಂಡ ವೈನುಗಳು ಮೊದಲನೆಯ ಜಾತಿಗೆ ಹತ್ತಿರ. ನಾನು ಹೇಳಹೊರಟಿರುವುದು ಎರಡನೆಯದರ ಬಗ್ಗೆ. ನಂದಿಬೆಟ್ಟದ ತಪ್ಪಲಿನ ಗ್ರೋವರ್ ವೈನರಿಯ ಲಾ ರಿಸರ್ವ್ ಕುಡಿದವರೆಲ್ಲ ಕ್ಯಾಬರ್ನೆ ಮತ್ತು ಶಿರಾಜ್ ಕೂಡಿಸಿದ ಬ್ಲೆಂಡನ್ನೇ ಕುಡಿದಿರುವುದು. ಬೆಂಗಳೂರಿನಲ್ಲಿ ಅದನ್ನು ಇಷ್ಟಪಟ್ಟವರೇ ಇಲ್ಲಿಗೆ ಬಂದ ಮೇಲೆ ಬ್ಲೆಂಡ್ ಎಂದರೆ ಹುಬ್ಬೇರಿಸುತ್ತಾರೆ.

ನವೆಂಬರಿನ ಎಲೆಗಳು

ಸೊನೋಮಾ ಕೌಂಟಿಯ ಡ್ರೈ ಕ್ರೀಕ್ ಕಣಿವೆ, ಹೀಲ್ಡ್ಸ್‌ಬರ್ಗ್ ಊರಿನ ಪಕ್ಕದಲ್ಲಿ ವಾಯವ್ಯಕ್ಕೆ ಚಾಚಿಕೊಂಡಿರುವ ಕಿರಿದಾದ ಕಣಿವೆ. ತಳದಲ್ಲಿ ತೊರೆ, ಎರಡೂ ಬದಿಯಲ್ಲಿ ಜಲ್ಲಿ ಬೆರೆತ ಕೆಂಪು ಮಣ್ಣಿನ ದಿಬ್ಬಗಳು. ನಾನು ಹೋಗುವ ವೈನರಿ ಇಂಥದೊಂದು ದಿಬ್ಬದ ಮೇಲಿದೆ. ಆ ಮನೆಯವರು ಪ್ರಚಾರ ಬಯಸುವವರಲ್ಲ, ಹಾಗಾಗಿ ಹೆಸರು ಬೇಡ. ಎಂಬತ್ತು ದಾಟಿದ ತಾಯಿ, ವೈನ್ ಮಾಡುವ ಮಗಳು, ಟ್ರ್ಯಾಕ್ಟರು ಪಂಪುಗಳ ಉಸ್ತುವಾರಿ ನೋಡುವ ಅಳಿಯ, ಕೊಯ್ಲಿನ ಕಾಲಕ್ಕೆ ಪ್ರತಿವರ್ಷ ಬಂದು ಸೇರುವ ಮೆಕ್ಸಿಕೋ ಮೂಲದ ಒಂದು ಕುಟುಂಬ. ಇಷ್ಟೇ ಜನ. ತಾಯಿಯ ಅಜ್ಜ ಇಟಲಿಯಿಂದ ಬಂದವರು. ರುಚಿ ನೋಡಲು ಹೋಗುವವರು ಮೊದಲೇ ಫೋನ್ ಮಾಡಿರಬೇಕು. ಹೋದರೆ ಪೀಪಾಯಿಗಳಿಟ್ಟ ಕೊಟ್ಟಿಗೆಯ ಬಾಗಿಲಲ್ಲೇ ಒಂದು ಹಲಗೆ ಹಾಕಿ ಸುರಿದು ಕೊಡುತ್ತಾರೆ.

ನಾನು ಅಲ್ಲಿಗೆ ಮೊದಲು ಹೋದದ್ದು ಒಂದು ನವೆಂಬರಿನಲ್ಲಿ, ಕೊಯ್ಲೆಲ್ಲ ಮುಗಿದ ಮೇಲೆ. ಮಗಳು ಬಾಟಲಿ ತೆರೆಯುವ ಮೊದಲು "ಬನ್ನಿ, ತೋಟ ನೋಡೋಣ" ಎಂದಳು. ನಾಪಾ ರಸ್ತೆಯಲ್ಲಿ ಕಾಣುವ ತಂತಿ ಬಿಗಿದ ನೇರ ಸಾಲುಗಳು ಅಲ್ಲಿರಲಿಲ್ಲ. ಕಂಬವಿಲ್ಲ, ತಂತಿಯಿಲ್ಲ, ಹನಿ ನೀರಾವರಿಯ ಕೊಳವೆಯಿಲ್ಲ. ಸೊಂಟದೆತ್ತರದ, ತೊಡೆಗಾತ್ರದ ಕಾಂಡಗಳು ಒಂದೊಂದೂ ತನ್ನಷ್ಟಕ್ಕೆ ಪೊದೆಯಂತೆ ನಿಂತಿದ್ದವು. ಮಳೆಗಾಲದ ನೀರು ಕುಡಿದು ಬೇಸಿಗೆಯೆಲ್ಲ ಬೇರಿನ ಬಲದಲ್ಲಿ ಬದುಕುವ ಮುದಿ ಬಳ್ಳಿಗಳು. ದೂರದಿಂದ ನೋಡಿದರೆ ಇಡೀ ತೋಟ ಹಳದಿ. ಒಳಗೆ ನಡೆದಂತೆ ಹಳದಿಯ ನಡುವೆ ಅಲ್ಲೊಂದು ಇಲ್ಲೊಂದು ರಕ್ತಗೆಂಪು ಬಳ್ಳಿ. ಹಳದಿಯದು ಜಿನ್‌ಫಂಡೆಲ್ ಎಂದಳು. ಕಡುಗೆಂಪಿನದು ಅಲಿಕಾಂಟೆ ಬುಶೆ. ಫ್ರಾನ್ಸಿನಲ್ಲಿ 19ನೇ ಶತಮಾನದಲ್ಲಿ ಹೆನ್ರಿ ಬುಶೆ ಎಂಬಾತ ಸಂಕರ ಮಾಡಿ ಹುಟ್ಟಿಸಿದ ತಳಿ. ಹೆಚ್ಚಿನ ಕೆಂಪು ದ್ರಾಕ್ಷಿಗಳಿಗೆ ಸಿಪ್ಪೆಯಲ್ಲಿ ಮಾತ್ರ ಬಣ್ಣ, ತಿರುಳು ಬಿಳಿ. ಇದಕ್ಕೆ ತಿರುಳೂ ಕೆಂಪು. ನಡುನಡುವೆ ಪೆಟೀಟ್ ಸಿರಾ, ಕಾರಿನ್ಯಾನ್, ಮಾತಾರೊ. ಕೊನೆಗೆ ಎರಡು ಮೂರು ಬಳ್ಳಿಗಳ ಮುಂದೆ ನಿಂತು, ಇವು ಏನೆಂದು ಅಮ್ಮನಿಗೂ ಗೊತ್ತಿಲ್ಲ ಎಂದಳು. "ಕೆಂಪಾದ ಎಲೆಯನ್ನೆಲ್ಲ ನಂಬಬೇಡಿ, ವೈರಸ್ ಬಂದ ಬಳ್ಳಿಯೂ ಕೆಂಪಾಗುತ್ತೆ" ಎಂದು ಎಚ್ಚರಿಸಿದಳು ಕೂಡ.

ನನಗೆ ಆ ದಿನ ಹೊಳೆದದ್ದು ಇದು. ನಾನು ಬ್ಲೆಂಡ್ ಎಂದರೆ ವೈನ್ ತಯಾರಾದ ಮೇಲೆ ತೊಟ್ಟಿಗಳಿಂದ ಅಳೆದು ಸೇರಿಸುವುದು ಎಂದುಕೊಂಡಿದ್ದೆ. ಇಲ್ಲಿ ಅದು ಗುಂಡಿ ತೋಡುವಾಗಲೇ ಆಗಿಹೋಗಿತ್ತು. ಇಟಲಿಯಿಂದ ಬಂದ ಆ ಹಿರಿಯಜ್ಜ ಸಸಿ ನೆಡುವಾಗ ಹತ್ತು ಜಿನ್‌ಫಂಡೆಲ್ಲಿಗೆ ಒಂದೆರಡು ಪೆಟೀಟ್ ಸಿರಾ, ಮಧ್ಯೆ ಒಂದು ಅಲಿಕಾಂಟೆ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದರು. ಕೊಯ್ಲಿನ ದಿನ ಎಲ್ಲವನ್ನೂ ಒಟ್ಟಿಗೆ ಕಿತ್ತು, ಒಂದೇ ತೊಟ್ಟಿಯಲ್ಲಿ ಹುದುಗಿಸಿ, ಒಂದೇ ವೈನ್ ಮಾಡುವುದು. ಆ ಲೆಕ್ಕಕ್ಕೆ ಕಾರಣಗಳಿದ್ದವು. ಜಿನ್‌ಫಂಡೆಲ್ ಗೊಂಚಲು ಒಂದೇ ಸಮ ಹಣ್ಣಾಗುವುದಿಲ್ಲ. ಒಂದೇ ಗೊಂಚಲಲ್ಲಿ ಒಣಗಿ ಒಣದ್ರಾಕ್ಷಿಯಾದ ಕಾಳೂ ಇರುತ್ತದೆ, ಕಾಯಿಯೂ ಇರುತ್ತದೆ. ಹಣ್ಣಿನ ಸೊಗಸು ಅದರದ್ದೇ, ಆದರೆ ಸಕ್ಕರೆ ಏರಿ ಹುಳಿ ಇಳಿದು, ಆಲ್ಕೋಹಾಲು ಶೇ. 15 ದಾಟುವುದು ಸಲೀಸು. ಪೆಟೀಟ್ ಸಿರಾ ಕಪ್ಪು ಬಣ್ಣವನ್ನೂ ಒಗರನ್ನೂ ಕೊಡುತ್ತದೆ. ಕಾರಿನ್ಯಾನ್ ತಡವಾಗಿ ಹಣ್ಣಾಗುವ ತಳಿಯಾದ್ದರಿಂದ ಕೊಯ್ಲಿನ ದಿನಕ್ಕೆ ಇನ್ನೂ ಹುಳಿ ಉಳಿಸಿಕೊಂಡಿರುತ್ತದೆ. ಒಂದು ವರ್ಷ ಮಳೆ ಬಂದು ಒಂದು ತಳಿ ಕೊಳೆತರೆ ಇನ್ನೊಂದು ಕೈ ಹಿಡಿಯುತ್ತದೆ. ಪ್ರಯೋಗಾಲಯ ಇಲ್ಲದ ಕಾಲದ ರೈತನ ಬುದ್ಧಿ ಅದು, ಮತ್ತು ಅದು ಇವತ್ತಿಗೂ ಕೆಲಸ ಮಾಡುತ್ತಿದೆ.

ಇದು ಒಂದು ಮನೆಯ ಕಥೆಯಲ್ಲ. ಇದೇ ಸೊನೋಮಾ ಕೌಂಟಿಯ ಗ್ಲೆನ್ ಎಲೆನ್ ಬಳಿಯ ಓಲ್ಡ್ ಹಿಲ್ ರಾಂಚ್ 1880ರ ದಶಕದ ಬಳ್ಳಿಗಳಿರುವ ತೋಟ. ಅದನ್ನು ನಡೆಸುವ ಬಕ್ಲಿನ್ ಕುಟುಂಬದವರು ಹಳೆಯ ತುಂಡಿನ ಒಂದೊಂದು ಬಳ್ಳಿಯನ್ನೂ ಗುರುತಿಸಿ ನಕ್ಷೆ ಮಾಡಿದ್ದಾರೆ. ಡಜನ್ನುಗಟ್ಟಲೆ ತಳಿಗಳು ಸಿಕ್ಕಿವೆ. ಗೈಸರ್‌ವಿಲ್ಲಿನ ಹಳೆಯ ತೋಟದ ಹಣ್ಣಿನಿಂದ ರಿಡ್ಜ್ ವೈನರಿ 1966ರಿಂದ ಮಾಡುತ್ತಿರುವ ವೈನಿಗೆ ದ್ರಾಕ್ಷಿಯ ಹೆಸರಿಡದೆ ಊರ ಹೆಸರನ್ನೇ ಇಟ್ಟಿದ್ದಾರೆ. ಇಂಥ ತೋಟಗಳ ಪಟ್ಟಿ ಮಾಡಿ ಉಳಿಸಲು 2011ರಲ್ಲಿ ಹಿಸ್ಟಾರಿಕ್ ವಿನ್‌ಯಾರ್ಡ್ ಸೊಸೈಟಿ ಎಂಬ ಸಂಸ್ಥೆಯೂ ಹುಟ್ಟಿಕೊಂಡಿತು. ನೆಟ್ಟು 50 ವರ್ಷವಾದರೂ ಆಗಿರಬೇಕು, ಮೂರರಲ್ಲಿ ಒಂದು ಪಾಲು ಬಳ್ಳಿಗಳಾದರೂ ಮೂಲ ನೆಡುವಿಕೆಯವೇ ಆಗಿರಬೇಕು ಎನ್ನುವುದು ಅವರ ನಿಯಮ.

ಹೆಸರಿಲ್ಲದ್ದು ಕೀಳಾದದ್ದು ಹೇಗೆ

ಇಷ್ಟು ಬುದ್ಧಿವಂತ ಪದ್ಧತಿ ಎರಡನೇ ದರ್ಜೆಗೆ ಇಳಿದದ್ದು ಹೇಗೆ ಎಂದು ಕೇಳಿಕೊಂಡರೆ, ಒಬ್ಬರನ್ನು ದೂರಿ ಮುಗಿಸುವಂತಿಲ್ಲ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಮದ್ಯನಿಷೇಧ. ವೈನರಿಗಳು ಮುಚ್ಚಿದವು, ಆದರೆ ದ್ರಾಕ್ಷಿ ತೋಟಗಳು ಸಾಯಲಿಲ್ಲ. ಮನೆಗೆ ಬೇಕಾದ 'ಹಣ್ಣಿನ ರಸ'ವನ್ನು ವರ್ಷಕ್ಕೆ 200 ಗ್ಯಾಲನ್ನಿನವರೆಗೆ ಮಾಡಿಕೊಳ್ಳಲು ಕಾನೂನು ಬಿಟ್ಟಿತ್ತು. ಕ್ಯಾಲಿಫೋರ್ನಿಯಾದ ದ್ರಾಕ್ಷಿ ರೈಲು ಹತ್ತಿ ಶಿಕಾಗೊ, ನ್ಯೂಯಾರ್ಕಿನ ವಲಸಿಗರ ಕೇರಿಗಳಿಗೆ ಹೋಯಿತು. ದಾರಿಯಲ್ಲಿ ಕೆಡದ ದಪ್ಪ ಸಿಪ್ಪೆಯ, ಬಣ್ಣ ಗಾಢವಾದ ಅಲಿಕಾಂಟೆಗೆ ಆಗ ಎಲ್ಲಿಲ್ಲದ ಬೇಡಿಕೆ. ಡ್ರೈ ಕ್ರೀಕಿನ ಪೆಡ್ರೊನ್ಚೆಲಿ ಕುಟುಂಬ ತೋಟ ಕೊಂಡದ್ದು 1927ರಲ್ಲಿ, ನಿಷೇಧದ ನಟ್ಟನಡುವೆ. ನಿಷೇಧ ಮುಗಿದ ಮೇಲೆ ಸಣ್ಣ ಕುಟುಂಬಗಳು ತಮ್ಮ ವೈನನ್ನು ದೊಡ್ಡ ಕಂಪನಿಗಳಿಗೆ ಟ್ಯಾಂಕರುಗಟ್ಟಲೆ ಮಾರಿದವು. ಅದು 'ಬರ್ಗಂಡಿ', 'ಕಿಯಾಂಟಿ' ಎಂಬ ಯುರೋಪಿನ ಊರುಗಳ ಎರವಲು ಹೆಸರಿನಲ್ಲಿ ಜಗ್ಗಿನಂಥ ದೊಡ್ಡ ಬಾಟಲಿಗಳಲ್ಲಿ ಮಾರಾಟವಾಯಿತು.

ಹಾಗಾಗಿ ದ್ರಾಕ್ಷಿಯ ನಿಜವಾದ ಹೆಸರನ್ನು ಲೇಬಲ್ಲಿನ ಮೇಲೆ ಹಾಕಬೇಕು ಎಂದು ಹೊರಟವರು ಒಳ್ಳೆಯ ಕೆಲಸವನ್ನೇ ಮಾಡಿದರು. ಬರ್ಗಂಡಿ ಅಲ್ಲದ್ದನ್ನು ಬರ್ಗಂಡಿ ಎನ್ನುವುದು ತಪ್ಪೇ. 1976ರಲ್ಲಿ ಪ್ಯಾರಿಸ್ಸಿನಲ್ಲಿ ಲೇಬಲ್ ಮರೆಮಾಡಿ ನಡೆಸಿದ ರುಚಿ ಸ್ಪರ್ಧೆಯಲ್ಲಿ ನಾಪಾದ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸಿನ 1973ರ ಕ್ಯಾಬರ್ನೆ ಫ್ರಾನ್ಸಿನ ಘಟಾನುಘಟಿಗಳನ್ನು ಹಿಂದಿಕ್ಕಿದ ಮೇಲಂತೂ ಕ್ಯಾಬರ್ನೆ ಎಂಬ ಹೆಸರೇ ಹಣವಾಯಿತು. 1983ರಿಂದ ದ್ರಾಕ್ಷಿಯ ಹೆಸರು ಹಾಕಬೇಕಾದರೆ ಅದು ಶೇ. 75 ಇರಲೇಬೇಕು ಎಂಬ ನಿಯಮ ಬಂತು; ಮೊದಲು ಶೇ. 51 ಸಾಕಿತ್ತು. ಗ್ರಾಹಕನ ದೃಷ್ಟಿಯಿಂದ ಇದೂ ನ್ಯಾಯವೇ. ಆದರೆ ಶೇ. 65 ಜಿನ್‌ಫಂಡೆಲ್ ಇರುವ ಮುದಿ ಮಿಶ್ರ ತೋಟದ ಗತಿಯೇನು? ಅದರ ಬಾಟಲಿಗೆ ಬರೀ 'ರೆಡ್ ವೈನ್' ಎಂಬ ಹೆಸರು. ನೂರು ವರ್ಷದ ಬಳ್ಳಿಯ ರಸವೂ ಮಿಕ್ಕದ್ದನ್ನು ಸುರಿದು ಮಾಡಿದ್ದೂ ಅಂಗಡಿಯ ಕಪಾಟಿನಲ್ಲಿ ಒಂದೇ ಹೆಸರಿನಲ್ಲಿ ಅಕ್ಕಪಕ್ಕ ನಿಂತವು. ನನ್ನ ಗೆಳತಿಯ ಪ್ರಶ್ನೆ ಹುಟ್ಟಿದ್ದು ಅಲ್ಲಿ. ನಾಪಾ ಕ್ಯಾಬರ್ನೆ ಇತ್ತೀಚಿನ ವರ್ಷಗಳಲ್ಲಿ ಸರಾಸರಿ ಟನ್ನಿಗೆ 8,000 ಡಾಲರಿಗೂ ಮಿಕ್ಕಿ ಮಾರಾಟವಾಗಿರುವಾಗ, ಎಕರೆಗೆ ಒಂದೆರಡು ಟನ್ನು ಕೊಡುವ ಮುದಿ ಕಾರಿನ್ಯಾನನ್ನು ಕಿತ್ತು ಹಾಕಿದವರನ್ನು ಬೈಯುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಕೀಳದೆ ಉಳಿಸಿಕೊಂಡವರ ಬಗ್ಗೆ ಮಾತ್ರ ತುಂಬು ಗೌರವವಿದೆ. ಅಂದಹಾಗೆ, ಹಳೆಯ ಜಿನ್‌ಫಂಡೆಲ್ ಬಳ್ಳಿಗಳು 1980ರ ದಶಕದಲ್ಲಿ ಕೊಡಲಿಯಿಂದ ಪಾರಾಗಲು ಒಂದು ದೊಡ್ಡ ಕಾರಣ ಸಿಹಿಯಾದ, ಗುಲಾಬಿ ಬಣ್ಣದ ವೈಟ್ ಜಿನ್‌ಫಂಡೆಲ್. ವೈನ್ ಬಲ್ಲವರು ಮೂಗು ಮುರಿಯುವ ಆ ವೈನಿಗೆ ಜನ ಮುಗಿಬಿದ್ದದ್ದರಿಂದ ಆ ದ್ರಾಕ್ಷಿಗೆ ಬೆಲೆ ಉಳಿಯಿತು.

ಒಂದೇ ತೋಟ, ಬೇರೆ ಬೇರೆ ವರ್ಷ

ಕೊಟ್ಟಿಗೆ ಬಾಗಿಲ ಹಲಗೆಯ ಮೇಲೆ ಅವರು ಒಂದೇ ತೋಟದ ವೈನನ್ನು ವರ್ಷದ ಸಾಲಿನಲ್ಲಿ ಇಟ್ಟಾಗ ನನಗೆ ಅದು ಹೆಚ್ಚು ಕಲಿಸುತ್ತದೆ. 2018ರದ್ದು ಹಿತ. ಆ ವರ್ಷ ಬೇಸಿಗೆ ತಂಪಾಗಿ, ನಿಧಾನವಾಗಿ ಸಾಗಿತ್ತು, ಫಸಲೂ ದಂಡಿಯಾಗಿತ್ತು. ಮೂಗಿಗೆ ಮೊದಲು ಕಾಡುಹಣ್ಣು, ಹಿಂದೆಯೇ ಕರಿಮೆಣಸು. ಬಾಯಲ್ಲಿ ಒಗರು ಇದೆ ಆದರೆ ನಾಲಿಗೆಯನ್ನು ಹಿಡಿದೆಳೆಯುವುದಿಲ್ಲ. ನುಂಗಿದ ಮೇಲೆ ಹುಳಿಯ ಒಂದು ತೆಳು ಗೆರೆ ಉಳಿಯುತ್ತದೆ, ಇನ್ನೊಂದು ಗುಟುಕಿಗೆ ಕರೆಯುವುದು ಅದೇ. 2019 ಇನ್ನೂ ಬಿಗಿ. ಪೆಟೀಟ್ ಸಿರಾ ಮುಂದೆ ಬಂದು ನಿಂತಿದೆ. ಒಂದು ಗಂಟೆ ಗಾಳಿಗೆ ಬಿಟ್ಟರೆ ಮಾತ್ರ ಜಿನ್‌ಫಂಡೆಲ್ಲಿನ ಹಣ್ಣು ಹೊರಬರುತ್ತದೆ. 2021 ಬರಗಾಲದ ವರ್ಷ. ಕಾಳು ಸಣ್ಣದಾಗಿ, ರಸಕ್ಕಿಂತ ಸಿಪ್ಪೆಯ ಪಾಲು ಹೆಚ್ಚಾಗಿ, ಬಣ್ಣ ಶಾಯಿಯಷ್ಟು ಕಪ್ಪು. 2022ರಲ್ಲಿ ಸೆಪ್ಟೆಂಬರ್ ಮೊದಲ ವಾರದ ಉರಿಬಿಸಿಲು ಲೋಟದಲ್ಲಿ ಗೊತ್ತಾಗುತ್ತದೆ. ಒಣದ್ರಾಕ್ಷಿಯ ಸಿಹಿವಾಸನೆ, ಗಂಟಲಲ್ಲಿ ಆಲ್ಕೋಹಾಲಿನ ಬಿಸಿ. ನನಗೆ ಅದು ಇಷ್ಟವಾಗಲಿಲ್ಲ, ಮಗಳಿಗೂ ಅಷ್ಟಕ್ಕಷ್ಟೇ. 2023 ಮತ್ತೆ ತಂಪು, ಕೊಯ್ಲು ಬಹಳ ತಡ. ಇನ್ನೂ ಎಳೆಯದು, ಆದರೆ ಈ ಸಾಲಿನಲ್ಲಿ ನಾನು ಕೊಂಡಿಟ್ಟುಕೊಳ್ಳುವುದಾದರೆ ಅದನ್ನೇ.

ಸಾಲಿನಲ್ಲಿ 2020 ಇಲ್ಲ. ಆ ಆಗಸ್ಟಿನಲ್ಲಿ ಸಿಡಿಲಿನಿಂದ ಹತ್ತಿದ ಬೆಂಕಿಗಳಲ್ಲಿ ಒಂದಾದ ವಾಲ್‌ಬ್ರಿಜ್ ಬೆಂಕಿ ಹೀಲ್ಡ್ಸ್‌ಬರ್ಗಿನ ಪಶ್ಚಿಮದ ಬೆಟ್ಟಗಳಲ್ಲಿ ಉರಿಯಿತು. ತೋಟ ಸುಡಲಿಲ್ಲ, ಹೊಗೆ ಮಾತ್ರ ದಿನಗಟ್ಟಲೆ ಕಣಿವೆಯಲ್ಲಿ ನಿಂತಿತು. ಸುಟ್ಟ ಮರದ ಹೊಗೆಯಲ್ಲಿರುವ ಗ್ವಾಯಕಾಲ್‌ನಂಥ ವಸ್ತುಗಳು ದ್ರಾಕ್ಷಿಯ ಸಿಪ್ಪೆಯೊಳಗೆ ಸೇರಿ ಸಕ್ಕರೆಯೊಡನೆ ಅಂಟಿಕೊಳ್ಳುತ್ತವೆ. ಹಣ್ಣು ತಿಂದರೆ ಗೊತ್ತಾಗದಿರಬಹುದು. ಹುದುಗುವಾಗ, ಬಾಟಲಿಯಲ್ಲಿ, ಕೊನೆಗೆ ಕುಡಿಯುವವರ ಬಾಯಲ್ಲಿಯೂ ಆ ಅಂಟು ಬಿಟ್ಟುಕೊಂಡು ಬೂದಿಯ ರುಚಿ ಬರುತ್ತದೆ. ಬಿಳಿ ವೈನಿಗೆ ಸಿಪ್ಪೆಯನ್ನು ಬೇಗ ತೆಗೆದುಬಿಡುತ್ತಾರೆ; ಕೆಂಪು ವೈನ್ ಸಿಪ್ಪೆಯಲ್ಲೇ ಹುದುಗಬೇಕಾದ್ದರಿಂದ ಪೆಟ್ಟು ಅದಕ್ಕೇ ಜಾಸ್ತಿ. ಸ್ವಲ್ಪ ಮಾತ್ರ ಕೆಟ್ಟಿದ್ದರೆ ಒಳ್ಳೆಯ ವೈನಿಗೆ ಬೆರೆಸಿ ಮರೆಮಾಚಬಹುದಿತ್ತಲ್ಲ ಎಂದು ನಾನು ಕೇಳಿದಾಗ ಮಗಳು ಇಲ್ಲವೆಂದು ತಲೆಯಾಡಿಸಿದಳು. ಹಾಗೆ ಮಾಡುವವರಿದ್ದಾರೆ, ನಮ್ಮಲ್ಲಿ ಬೆರೆಸಲು ಹೊಗೆ ತಾಗದ ಬೇರೆ ತೋಟವೇ ಇಲ್ಲವಲ್ಲ ಎಂದಳು. ಆ ವರ್ಷ ಕೆಂಪು ವೈನ್ ಮಾಡಲೇ ಇಲ್ಲ. ಒಂದು ಸಣ್ಣ ಕುಟುಂಬಕ್ಕೆ ಒಂದು ವರ್ಷದ ವೈನ್ ಇಲ್ಲ ಎಂದರೆ ಎರಡು ವರ್ಷ ಬಿಟ್ಟು ಬರಬೇಕಾದ ಆದಾಯವೇ ಇಲ್ಲ ಎಂದರ್ಥ. ಅವರನ್ನು ಉಳಿಸಿದ್ದು ಕೊರಿಯರಿನಲ್ಲಿ ಮನೆಗೆ ತರಿಸಿಕೊಳ್ಳುವ ಹಳೆಯ ಗಿರಾಕಿಗಳು. 2005ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ನಂತರ ರಾಜ್ಯಗಳ ಗಡಿ ದಾಟಿ ಮನೆಬಾಗಿಲಿಗೆ ವೈನ್ ಕಳಿಸುವುದು ಸುಲಭವಾಯಿತು. ಅದಾಗದಿದ್ದರೆ, ಹಂಚಿಕೆದಾರರ ಕಣ್ಣಿಗೆ ಬೀಳದ ಇಂಥ ಎಷ್ಟೋ ಮನೆಗಳ ವೈನ್ ದೂರದ ಗಿರಾಕಿಗಳನ್ನು ಮುಟ್ಟುತ್ತಲೇ ಇರಲಿಲ್ಲ.

ಊಟದ ವಿಷಯ ಒಂದು ಮಾತು. ಈ ಬಗೆಯ ವೈನಿಗೆ ಹಸಿಮೆಣಸಿನ ಖಾರ ಆಗುವುದಿಲ್ಲ, ಆಲ್ಕೋಹಾಲಿನ ಜೊತೆ ಸೇರಿ ನಾಲಿಗೆ ಉರಿಯುತ್ತದೆ. ಕಪ್ಪಗೆ ಹುರಿದ ಮಸಾಲೆ, ಕರಿಮೆಣಸು, ಕಾಚಂಪುಳಿ ಎಂಬ ನಮ್ಮ ಕೊಡಗಿನ ಕಪ್ಪು ಹುಳಿ ಬಿದ್ದ ಪಂದಿಕರಿಗೆ (ಹಂದಿಮಾಂಸಕ್ಕೆ) ಮಾತ್ರ ಹೇಳಿ ಮಾಡಿಸಿದ ಹಾಗೆ. ಕೊಬ್ಬನ್ನು ಒಗರು ಹಿಡಿಯುತ್ತದೆ, ಕಾಚಂಪುಳಿಯ ಹುಳಿಗೆ ವೈನಿನ ಹುಳಿ ಸರಿಸಮ ನಿಲ್ಲುತ್ತದೆ. ಲೋಟಕ್ಕೆ ಹಾಕುವ ಮೊದಲು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಕೆಂಪು ವೈನನ್ನು ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಎನ್ನುವ ಮಾತು ಕ್ಯಾಲಿಫೋರ್ನಿಯಾದ ಬೇಸಿಗೆಗೆ ಹೊಂದುವುದಿಲ್ಲ. 16–18 ಡಿಗ್ರಿ ಸೆಲ್ಸಿಯಸ್ ಸಾಕು.

ಅಳತೆಯ ಜಾಡಿಗಳ ಮುಂದೆ

ಒಂದು ವಸಂತದಲ್ಲಿ, ಬಾಟಲಿ ತುಂಬುವ ಮೊದಲು ಅವರು ಬೆರಕೆ ತೀರ್ಮಾನಿಸುವ ದಿನ, ನನ್ನನ್ನೂ ಕೂರಿಸಿಕೊಂಡರು. ಮುದಿ ತೋಟದ ವೈನೇ ಬುನಾದಿ. ಅದರ ಜೊತೆ, ಕೆಳಗಿನ ತುಂಡಿನಲ್ಲಿ ಬೇರೆಯಾಗಿ ಬೆಳೆದ ಪೆಟೀಟ್ ಸಿರಾ ಮತ್ತು ಕಾರಿನ್ಯಾನ್ ಕೆಲವು ಪೀಪಾಯಿಗಳಲ್ಲಿರುತ್ತವೆ. ಅಡುಗೆಮನೆಯ ಮೇಜಿನ ಮೇಲೆ ಗಾಜಿನ ಅಳತೆ ಜಾಡಿಗಳು, ಪಿಪೆಟ್ಟು, ಉಗುಳಲು ಒಂದು ಬಕೆಟ್ಟು. ನೂರು ಮಿಲಿಲೀಟರಿನ ಲೆಕ್ಕದಲ್ಲಿ ಮಗಳು ನಾಲ್ಕು ಬಗೆ ಬೆರೆಸಿ, ಲೋಟದ ಬುಡಕ್ಕೆ ಅಕ್ಷರ ಬರೆದು, ಯಾವುದು ಯಾವುದೆಂದು ಹೇಳದೆ ಇಟ್ಟಳು. ಮಾತಿಲ್ಲದೆ ರುಚಿ ನೋಡುವುದು, ಕಾಗದದಲ್ಲಿ ಬರೆಯುವುದು, ಆಮೇಲೆ ಮಾತು. ಒಂದು ಲೋಟ ಮಿಕ್ಕವಕ್ಕಿಂತ ಎದ್ದು ಕಾಣುವಷ್ಟು ಚುರುಕಾಗಿತ್ತು. ಹಣ್ಣು ಹೊಳಪಾಗಿ, ಕೊನೆಯ ಹುಳಿ ಉದ್ದವಾಗಿ. ನಾನು, ಮಗಳು, ಅಳಿಯ ಮೂವರೂ ಅದನ್ನೇ ಬರೆದಿದ್ದೆವು. ಅದರಲ್ಲಿ ಹೊರಗಿನಿಂದ ಸೇರಿಸಿದ ಕಾರಿನ್ಯಾನ್ ಶೇ. 9. ತಾಯಿ ಆರಿಸಿದ್ದರಲ್ಲಿ ಏನನ್ನೂ ಸೇರಿಸಿರಲಿಲ್ಲ, ಅದು ಮುದಿ ತೋಟದ ವೈನ್ ಹೇಗಿತ್ತೋ ಹಾಗೆ.

"ಇದು ಚೆನ್ನಾಗಿದೆ" ಎಂದು ಆಕೆ ನಮ್ಮ ಲೋಟವನ್ನು ತೋರಿಸಿ ಹೇಳಿದರು, "ಆದರೆ ಇದು ನಮ್ಮ ತೋಟ ಅಲ್ಲ." ನಮ್ಮಜ್ಜ ಎಷ್ಟು ಕಾರಿನ್ಯಾನ್ ಬೇಕು ಎಂದು ನೆಟ್ಟೇ ಹೋಗಿದ್ದಾರೆ, ನೀನು ಅದರ ಮೇಲೆ ಮತ್ತೆ ಹಾಕುವುದು ಯಾಕೆ ಎಂಬುದು ಆಕೆಯ ವಾದ. ಮಗಳ ಉತ್ತರವನ್ನು ನಾನು ಮನೆಗೆ ಬಂದು ಬರೆದಿಟ್ಟುಕೊಂಡೆ. ಮುತ್ತಜ್ಜ ನೆಟ್ಟದ್ದು ಅವರ ಕಾಲದ ಬೇಸಿಗೆಗೆ. ಈಗಿನ ಬೇಸಿಗೆಯಲ್ಲಿ ಜಿನ್‌ಫಂಡೆಲ್ ಬೇಗ ಹಣ್ಣಾಗಿ ಹುಳಿ ಕಳೆದುಕೊಳ್ಳುತ್ತಿದೆ. ಬಳ್ಳಿಗಳ ಲೆಕ್ಕ ಹಾಗೇ ಇದ್ದರೂ ಆ ಲೆಕ್ಕದಿಂದ ಬರುವ ವೈನ್ ಬೇರೆಯಾಗಿದೆ. ನೀನು ಚಿಕ್ಕವಳಿದ್ದಾಗ ಕುಡಿದ ವೈನಿನ ಹಾಗೆ ಇದು ಇರಬೇಕಾದರೆ ನಾನು ಕಾರಿನ್ಯಾನ್ ಹಾಕಲೇಬೇಕು, ಅಮ್ಮ. ತಾಯಿ ಸ್ವಲ್ಪ ಹೊತ್ತು ಲೋಟವನ್ನೇ ನೋಡಿದರು. ಹಾಗಾದರೆ ನೀನು ವೈನನ್ನು ಉಳಿಸುತ್ತಿದ್ದೀಯ, ನಾನು ತೋಟವನ್ನು ಉಳಿಸುತ್ತಿದ್ದೇನೆ ಎಂದರು.

ಇದಕ್ಕಿಂತ ಸ್ಪಷ್ಟವಾಗಿ ನಾನು ಇದನ್ನು ಎಲ್ಲಿಯೂ ಕೇಳಿಲ್ಲ. ಲೇಬಲ್ಲಿನ ಶೇಕಡಾವಾರು ನೋಡಿದರೆ ಆ ಎರಡು ಲೋಟಗಳ ನಡುವಿನ ವ್ಯತ್ಯಾಸ ಚಿಲ್ಲರೆಯಷ್ಟು. ಅದರ ಹಿಂದಿನ ಪ್ರಶ್ನೆ ಮಾತ್ರ ದೊಡ್ಡದು: ಹಿರಿಯರು ಕೊಟ್ಟದ್ದನ್ನು ಕಾಪಾಡುವುದೆಂದರೆ ಅವರು ಮಾಡಿದ್ದನ್ನೇ ಮಾಡುವುದೋ, ಅವರು ಯಾಕೆ ಹಾಗೆ ಮಾಡಿದರು ಎಂಬುದನ್ನು ಮಾಡುವುದೋ? ನನ್ನ ಮತ ಮಗಳ ಕಡೆಗೆ. ಆ ಹಿರಿಯಜ್ಜ ಕಾರಿನ್ಯಾನ್ ನೆಟ್ಟದ್ದು ಹುಳಿಗಾಗಿ. ಹುಳಿ ಸಾಲದಾದಾಗ ಇನ್ನಷ್ಟು ಹಾಕುವುದನ್ನು ಅವರು ಇದ್ದಿದ್ದರೆ ತಾವೇ ಮಾಡುತ್ತಿದ್ದರು. ಆದರೂ ತಾಯಿಯ ಮಾತನ್ನು ತಳ್ಳಿಹಾಕಲಾರೆ. ಬೆರೆಸುವ ಕೈಗೆ ಅಡ್ಡಿಯೇ ಇಲ್ಲದಿದ್ದರೆ ವರ್ಷ ವರ್ಷ ಜನರ ನಾಲಿಗೆಗೆ ತಕ್ಕಂತೆ ಸರಿಸುತ್ತಾ ಸರಿಸುತ್ತಾ, ಕೊನೆಗೆ ಸೂಪರ್ ಮಾರ್ಕೆಟ್ಟಿನ ಸಾಲಿಗೇ ಬಂದು ನಿಲ್ಲಬಹುದು. ಆ ಮೇಜಿನ ಮುಂದೆ 'ಇದು ನಮ್ಮ ತೋಟ ಅಲ್ಲ' ಎನ್ನಲು ಒಬ್ಬರು ಬೇಕು. ದೊಡ್ಡ ಕಂಪನಿಯಲ್ಲಿ ಆ ಕುರ್ಚಿಯೇ ಇರುವುದಿಲ್ಲ. ಸಣ್ಣ ಕುಟುಂಬದ ಬ್ಲೆಂಡಿಗೆ ನಾನು ಹೆಚ್ಚು ಬೆಲೆ ಕೊಡುವುದು ಈ ಕಾರಣಕ್ಕೆ. ನೆಡುವವರು, ಕೊಯ್ಯುವವರು, ಬೆರೆಸುವವರು, ಬೇಡ ಎನ್ನುವವರು ಎಲ್ಲ ಒಂದೇ ಅಡುಗೆಮನೆಯಲ್ಲಿ ಕೂತಿರುತ್ತಾರೆ. ಗೆಳತಿಯ ಪ್ರಶ್ನೆಗೆ ಉತ್ತರ ಇದೇ: ಮಿಕ್ಕದ್ದನ್ನು ಸೇರಿಸುವುದಕ್ಕೆ ಇಷ್ಟು ಜಗಳ ಯಾರೂ ಆಡುವುದಿಲ್ಲ.

ಆ ವರ್ಷದ ಬಾಟಲಿಯಲ್ಲಿ ಶೇ. 9 ಕಾರಿನ್ಯಾನ್ ಹೋಯಿತು. ತಾಯಿ ತಮಗಾಗಿ ಒಂದು ಪೀಪಾಯಿಯನ್ನು ಏನೂ ಬೆರೆಸದೆ ಹಾಗೇ ತುಂಬಿಸಿಕೊಂಡರು.

ಖಾಲಿ ಗುಂಡಿಗಳು

ಈಗ ಕ್ಯಾಲಿಫೋರ್ನಿಯಾದ ವೈನಿಗೆ ಒಳ್ಳೆಯ ಕಾಲವಲ್ಲ. ಜನ ಕಡಿಮೆ ಕುಡಿಯುತ್ತಿದ್ದಾರೆ, ಅದು ಆರೋಗ್ಯಕ್ಕೆ ಒಳ್ಳೆಯದೇ ಎನ್ನುವುದನ್ನೂ ಒಪ್ಪುತ್ತೇನೆ. ಆದರೆ ಕೊಳ್ಳುವವರಿಲ್ಲದೆ ದ್ರಾಕ್ಷಿ ಬಳ್ಳಿಯಲ್ಲೇ ಉಳಿಯುತ್ತಿದೆ. 2024ರಲ್ಲಿ ರಾಜ್ಯದಲ್ಲಿ ವೈನಿಗೆ ಹೋದ ದ್ರಾಕ್ಷಿ ಎರಡು ದಶಕಗಳಲ್ಲೇ ಕಡಿಮೆ. ತೋಟ ಕೀಳುವ ಯಂತ್ರಗಳು ಎಲ್ಲ ಕಡೆ ಓಡಾಡುತ್ತಿವೆ, ಮೊದಲು ಹೋಗುವುದು ಇಳುವರಿ ಕಡಿಮೆ ಕೊಡುವ ಮುದಿ ತುಂಡುಗಳೇ. ಮೂವತ್ತು ನಲವತ್ತು ಡಾಲರು ಕೊಟ್ಟು ಇಂಥ ಬಾಟಲಿ ಕೊಳ್ಳುವುದು ತೋಟ ಉಳಿಸುವ ಕೆಲಸವೂ ಹೌದು ಎಂದು ನಾನು ಗೆಳೆಯರಿಗೆಲ್ಲ ಹೇಳುತ್ತಿರುತ್ತೇನೆ. ಕಿತ್ತ ಮೇಲೆ ಮತ್ತೆ ನೂರು ವರ್ಷ ಕಾಯಲು ಯಾರಿಂದಲೂ ಆಗದು.

ಅವರ ತೋಟದಲ್ಲೂ ಪ್ರತಿ ಚಳಿಗಾಲ ಒಂದಿಷ್ಟು ಬಳ್ಳಿ ಸಾಯುತ್ತವೆ. ಆ ಗುಂಡಿಗಳಲ್ಲಿ ಏನು ನೆಡಬೇಕು ಎನ್ನುವುದು ಬೆರಕೆಯ ತೀರ್ಮಾನವೇ, ಸ್ವಲ್ಪ ನಿಧಾನದ್ದು ಅಷ್ಟೇ. ಮೊದಲು ಬೇರುಗಿಡ ನೆಟ್ಟು, ಅದು ಹಿಡಿದುಕೊಂಡ ಮೇಲೆ ಕಸಿ ಕಟ್ಟುತ್ತಾರೆ. ಗೊಂಚಲು ಸಿಗುವುದು ಮೂರು ನಾಲ್ಕು ವರ್ಷಕ್ಕೆ. ಇಷ್ಟು ದಿನ ಸತ್ತ ಬಳ್ಳಿ ಯಾವ ತಳಿಯೋ ಅದನ್ನೇ ತಿರುಗಿ ನೆಡುತ್ತಿದ್ದರು. ಹೋದ ಸಲ ಹೋದಾಗ ಮಗಳು ಅಲ್ಲಲ್ಲಿ ಕೋಲು ನೆಟ್ಟು ಬಣ್ಣದ ರಿಬ್ಬನ್ ಕಟ್ಟಿದ್ದಳು. ಜಿನ್‌ಫಂಡೆಲ್ ಸತ್ತ ಜಾಗದಲ್ಲೂ ಹೆಚ್ಚಿನವು ಕಾರಿನ್ಯಾನ್. ಕಡ್ಡಿ ತಮ್ಮದೇ ಮುದಿ ಬಳ್ಳಿಗಳದ್ದು. ಇನ್ನು ಇಪ್ಪತ್ತು ವರ್ಷಕ್ಕೆ ಹೊರಗಿನಿಂದ ಬೆರೆಸುವ ಅಗತ್ಯವೇ ಬೀಳುವುದಿಲ್ಲ ಎಂದು ಅವಳ ಲೆಕ್ಕ. ತಾಯಿ ಮೇಲಿನ ಮೂಲೆಯ ಒಂದಷ್ಟು ಕೋಲುಗಳ ರಿಬ್ಬನ್ ಬದಲಿಸಿ ಜಿನ್‌ಫಂಡೆಲ್ ಎಂದು ಗುರುತು ಹಾಕಿಸಿದ್ದರು. ಆ ಮೂಲೆಗೆ ಸಂಜೆಯ ಮಂಜು ಮೊದಲು ಬರುತ್ತದೆ, ಅಲ್ಲಿ ಹುಳಿ ಉಳಿಯುತ್ತದೆ ಎಂಬುದು ಆಕೆಯ ವಾದ. ಮಗಳು ಅದಕ್ಕೆ ಇನ್ನೂ ಪೂರ್ತಿ ಒಪ್ಪಿರಲಿಲ್ಲ.